ಬಿಕಾಂ ಮಾಡಿದೀನಿ, ಪೈಥಾನ್ ಕಲಿತಿದೀನಿ, ಇದರಿಂದ ದುಡ್ಡು ಬರೋದು ಹೇಗೆ?

ವೇದಾವತಿ_ದಂಡೆ
ಎಲ್ರಿಗೂ ನಮಸ್ಕಾರ. ನಂದು ಬಿಕಾಂ, ಹಿರಿಯೂರು ಹತ್ರ ಹಳ್ಳಿ. ಡಿಗ್ರಿ ಆದ್ಮೇಲೆ ಚಿತ್ರದುರ್ಗದಲ್ಲಿ ಒಬ್ರು ಟ್ಯಾಕ್ಸ್ ಪ್ರಾಕ್ಟೀಷನರ್ ಆಫೀಸಲ್ಲಿ ಜಿಎಸ್‌ಟಿ ರಿಟರ್ನ್ ಫೈಲ್ ಮಾಡೋ ಕೆಲ್ಸದಲ್ಲಿದ್ದೆ, ಅಮ್ಮಂಗೆ ಹುಷಾರಿಲ್ದೆ ಬಿಟ್ಟು ಊರಿಗೆ ಬರಬೇಕಾಯ್ತು. ಊರಲ್ಲಿ ಟೈಮ್ ಸಿಕ್ತು ಅಂತ ಫ್ರೀಕೋಡ್‌ಕ್ಯಾಂಪ್ ಅನ್ನೋ ಉಚಿತ ಸೈಟಲ್ಲಿ ಎಚ್‌ಟಿಎಂಎಲ್, ಸಿಎಸ್‌ಎಸ್, ಜಾವಾಸ್ಕ್ರಿಪ್ಟ್ ಮಾಡ್ದೆ, ಆಮೇಲೆ ಎನ್‌ಪಿಟಿಇಎಲ್‌ನಲ್ಲಿ (ಐಐಟಿಗಳ ಆನ್‌ಲೈನ್ ಪಾಠದ ಪೋರ್ಟಲ್) ಪೈಥಾನ್ ಕೋರ್ಸ್ ತಗೊಂಡು ಪರೀಕ್ಷೆನೂ ಬರೆದು ಪಾಸಾದೆ. ಪಾಂಡಾಸ್ (ಎಕ್ಸೆಲ್ ಥರದ ಪಟ್ಟಿಗಳ ಮೇಲೆ ಕೆಲ್ಸ ಮಾಡೋ ಪೈಥಾನ್ ಲೈಬ್ರರಿ) ಸುಮಾರಾಗಿ ಬರುತ್ತೆ, ಡೇಟಾಬೇಸ್‌ಗೆ ಬಳಸೋ ಎಸ್‌ಕ್ಯುಎಲ್ ಜಾಯಿನ್‌ವರೆಗೂ ಬರುತ್ತೆ.

ಈಗ ಮನೇಲಿ ಕೇಳ್ತಿದಾರೆ, ಕಲ್ತಿದ್ದು ಸರಿ, ಸಂಪಾದನೆ ಯಾವಾಗ ಅಂತ. ಯೂಟ್ಯೂಬಲ್ಲಿ ನೋಡಿದ್ರೆ ಫ್ರೀಲಾನ್ಸಿಂಗ್ ಮಾಡಿ ತಿಂಗಳಿಗೆ ಲಕ್ಷ ದುಡೀರಿ ಅಂತಾರೆ, ಅಪ್‌ವರ್ಕ್ ಅನ್ನೋ ಫ್ರೀಲಾನ್ಸ್ ಸೈಟಲ್ಲಿ ಅಕೌಂಟ್ ಮಾಡಿ ಪ್ರಪೋಸಲ್ ಹಾಕ್ತಾನೇ ಇದೀನಿ ಒಂದಕ್ಕೂ ಉತ್ತರ ಇಲ್ಲ. ಬೆಂಗಳೂರಿಂದ ಒಂದು ಇನ್‌ಸ್ಟಿಟ್ಯೂಟ್‌ನೋರು ಫೋನ್ ಮಾಡಿ 35 ಸಾವಿರ ಕಟ್ಟಿದ್ರೆ ಇಂಟರ್ನ್‌ಶಿಪ್ ಕೊಟ್ಟು ಪ್ಲೇಸ್‌ಮೆಂಟ್ ಗ್ಯಾರಂಟಿ ಅಂತಿದಾರೆ, ಅಪ್ಪ ಒಡವೆ ಅಡ ಇಟ್ಟಾದ್ರೂ ಕಟ್ತೀನಿ ಅಂತ ಕೂತಿದಾರೆ. ಸದ್ಯಕ್ಕೆ ಊರು ಬಿಡೋಕಾಗಲ್ಲ. ಏನ್ ಮಾಡ್ಲಿ, ದಯವಿಟ್ಟು ಅನುಭವ ಇರೋರು ಹೇಳಿ.

ತುಂಗೆಯ_ಕರೆ
ಮೊದಲು ಅಪ್ಪಂಗೆ ಹೇಳಿ ಆ ಒಡವೆ ವಾಪಸ್ ಬೀರುಗೆ ಇಡ್ಸಿ. ಕೆಲ್ಸ ಕೊಡೋರು ನಮಗೆ ದುಡ್ಡು ಕೊಡ್ಬೇಕು, ನಾವು ಅವರಿಗಲ್ಲ. ಇಂಟರ್ನ್‌ಶಿಪ್ ಫೀಸು, ಲ್ಯಾಪ್‌ಟಾಪ್ ಡಿಪಾಸಿಟ್, ವೆರಿಫಿಕೇಶನ್ ಚಾರ್ಜು, ಹೆಸರು ಏನೇ ಇಟ್ಕೊಳ್ಳಿ, ಕೆಲ್ಸಕ್ಕೆ ಮುಂಚೆ ದುಡ್ಡು ಕೇಳಿದ್ರೆ ಫೋನ್ ಇಡಿ. ನಮ್ಮ ಅತ್ತೆ ಮಗ ಹಿಂಗೇ ಕಟ್ಟಿದ್ದ, ವಾಟ್ಸಾಪ್ ಗ್ರೂಪಿಗೆ ಸೇರ್ಸಿ ರೆಕಾರ್ಡೆಡ್ ವಿಡಿಯೋ ಕಳಿಸಿದ್ರು, ಕೊನೆಗೆ ಒಂದು ಸರ್ಟಿಫಿಕೇಟ್ ಪಿಡಿಎಫ್, ಅಲ್ಲಿಗೆ ಮುಗೀತು. ಇಲ್ಲಿ ಓದ್ತಿರೋರು ಯಾರಾದ್ರೂ ಈಗಾಗ್ಲೇ ಕಟ್ಟಿ ಮೋಸ ಹೋಗಿದ್ರೆ ನಾಚಿಕೆ ಪಟ್ಕೊಂಡು ಸುಮ್ನಿರಬೇಡಿ, ತಕ್ಷಣ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕಾಲ್ ಮಾಡಿ. ಬೇಗ ಹೇಳಿದ್ರೆ ಆ ಅಕೌಂಟಲ್ಲಿ ದುಡ್ಡು ತಡೆ ಹಿಡಿಯೋ ಸಾಧ್ಯತೆ ಇರುತ್ತೆ, ತಡ ಆದಷ್ಟೂ ಕಷ್ಟ.

ಸಿಲ್ಕ್‌ಬೋರ್ಡ್_ಸಿಗ್ನಲ್
ನಾನು ಸ್ವಲ್ಪ ಬೇರೆ ಮಾತು ಹೇಳ್ತೀನಿ. ಹೊಸದಾಗಿ ಕಲಿತೋರಿಗೆ ಫ್ರೀಲಾನ್ಸ್ ಒಳ್ಳೇದಲ್ಲ, ಮೊದಲು ಒಂದು ಕೆಲ್ಸಕ್ಕೆ ಸೇರ್ಬೇಕು. ಕೋಡ್ ಬರೆಯೋದು ಒಂದು, ಇನ್ನೊಬ್ರು ಬರೆದ ಕೋಡ್ ಓದೋದು, ರಿವ್ಯೂ ತಗೊಳ್ಳೋದು, ಪ್ರೊಡಕ್ಷನ್‌ನಲ್ಲಿ ಒಡೆದಾಗ ರಾತ್ರಿ ಕೂತು ಸರಿ ಮಾಡೋದು ಇದೆಲ್ಲ ಒಬ್ರೇ ಮನೇಲಿ ಕೂತು ಬರಲ್ಲ. ಆದ್ರೆ ನೇರವಾಗಿ ಡೆವಲಪರ್ ಪೋಸ್ಟ್ ಸಿಗುತ್ತೆ ಅಂತ ಕಾಯಬೇಡಿ, ದೊಡ್ಡ ಸರ್ವೀಸ್ ಕಂಪನಿಗಳಲ್ಲಿ ಇಂಜಿನಿಯರಿಂಗ್ ಫ್ರೆಷರ್‌ಗಳಿಗೇ ವರ್ಷಕ್ಕೆ ಮೂರೂವರೆ ಲಕ್ಷದ ಆಸುಪಾಸಲ್ಲೇ ಹತ್ತು ವರ್ಷದಿಂದ ನಿಂತಿದೆ, ಆ ಸೀಟಿಗೂ ನೂಕುನುಗ್ಗಲು. ಬಿಕಾಂನೋರಿಗೆ ಎಂಐಎಸ್ (ಕಂಪನಿ ಒಳಗಿನ ವರದಿ ತಯಾರಿಸೋ ಕೆಲ್ಸ), ಫೈನಾನ್ಸ್ ಆಪರೇಶನ್ಸ್, ಬ್ಯಾಕ್ ಆಫೀಸ್ ಇಂಥ ಕಡೆ ಬಾಗಿಲು ತೆಗೆದಿರುತ್ತೆ, ಒಳಗೆ ಹೋಗಿ ಎಕ್ಸೆಲ್‌ನಲ್ಲಿ ಎರಡು ದಿನ ಆಗೋದನ್ನ ಪೈಥಾನಲ್ಲಿ ಒಂದು ಗಂಟೆಗೆ ಮಾಡಿ ತೋರಿಸಿದ್ರೆ ಅವರೇ ಬೇರೆ ಟೀಮಿಗೆ ಎಳ್ಕೋತಾರೆ. ನಾನು ಬಂದಿದ್ದೇ ಹಾಗೆ.

ವೇದಾವತಿ_ದಂಡೆ
ಸರ್ ಅರ್ಥ ಆಗುತ್ತೆ, ಆದ್ರೆ ಅಮ್ಮನ್ನ ಬಿಟ್ಟು ಇನ್ನೂ ಒಂದು ವರ್ಷ ಬೆಂಗಳೂರಿಗೆ ಬರೋಕಾಗಲ್ಲ.

ಗದಗ_ಡಿಟಿಪಿ
ನಮಸ್ಕಾರ್ರೀ. ನಂದು ಮೊದಲಿಂದ ಡಿಟಿಪಿ ಅಂಗಡಿ, ಲಗ್ನಪತ್ರಿಕೆ, ಪಾಂಪ್ಲೆಟ್ಟು, ಪುಸ್ತಕ ಮಾಡ್ತೇನಿ, ಜಾವಾಸ್ಕ್ರಿಪ್ಟ್ ಲಾಕ್‌ಡೌನ್‌ದಾಗ ಕಲ್ತೆ. ಮೊದಲ ಎಲ್ಲಾರೂ ಮಾಡಿದಂಗ ನಾನೂ ವೆಬ್‌ಸೈಟ್ ಮಾಡಿ ಕೊಡ್ತೇನಿ ಅಂತ ಅಡ್ಡಾಡಿದೆ. ಒಂದ ಸಾಲಿ ಅವರು ಐದ ಸಾವಿರಕ್ಕ ಒಪ್ಪಿದ್ರು. ಮಾಡಿ ಕೊಟ್ಟೆ. ಆಮ್ಯಾಲ ಪ್ರತಿ ವಾರ ಫೋನು, ಆ ಫೋಟೋ ತಗೀರಿ, ಈ ಫೋಟೋ ಹಾಕ್ರಿ, ಅಧ್ಯಕ್ಷರ ಫೋಟೋ ದೊಡ್ಡದ ಮಾಡ್ರಿ. ಡೊಮೇನ್ ರಿನೀವಲ್ ರೊಕ್ಕಾನೂ ನಂದ ಹೋತು. ಈಗಂತೂ ಊರ ಅಂಗಡಿ ಅವರಿಗೆ ವೆಬ್‌ಸೈಟ್ ಯಾಕ ಬೇಕ್ರೀ, ಗೂಗಲ್ ಮ್ಯಾಪಿನ್ಯಾಗ ಹೆಸರಿದ್ರ ಸಾಕು, ವಾಟ್ಸಾಪ್ ಬಿಸಿನೆಸ್‌ದಾಗ ಕ್ಯಾಟಲಾಗ್ ಇದ್ರ ಸಾಕು, ಎರಡೂ ಪುಕ್ಕಟೆ ಸಿಗತಾವ.

ನನಗ ಖರೇ ರೊಕ್ಕ ಬಂದದ್ದು ಎಲ್ಲಿಂದ ಅಂದ್ರ ನುಡಿ, ಬರಹ ಅನ್ನೂ ಕನ್ನಡ ಟೈಪಿಂಗ್ ಸಾಫ್ಟ್‌ವೇರಿನ ಫೈಲಿನಿಂದ. ಇಲ್ಲಿ ಪ್ರೆಸ್ಸಿನ್ಯಾಗ, ಮಠದಾಗ, ಕಾಲೇಜಿನ್ಯಾಗ ಇಪ್ಪತ್ತ ವರ್ಷದ ಹಳೇ ಪುಸ್ತಕದ ಫೈಲ್ ಅದಾವ, ಎಲ್ಲಾ ಹಳೇ ಆಸ್ಕಿ ಫಾಂಟು. ಅದನ್ನ ಮೊಬೈಲಿನ್ಯಾಗ ತಗದ್ರ ಬರೇ ಕಸ ಕಾಣತೈತಿ, ಗೂಗಲ್‌ದಾಗ ಹುಡುಕಿದ್ರ ಸಿಗಂಗಿಲ್ಲ. ಈಗ ಎಲ್ಲಾ ಕಡೆ ನಡಿಯೂ ಯೂನಿಕೋಡ್‌ಗೆ ತರೂದಕ್ಕ ಪುಕ್ಕಟೆ ಕನ್ವರ್ಟರ್ ಅದಾವ, ಆದ್ರ ನಾಕನೂರ ಪುಟದ ಪುಸ್ತಕ ಹಾಕಿದ್ರ ತಪ್ಪು ಉಳೀತಾವ. ಅರ್ಕಾವತ್ತ ತಗೋರಿ. ‘ಕರ್ತ’ ಅಂತ ಹಳೇ ಫಾಂಟಿನ್ಯಾಗ ಹೊಡದ್ರ ಆ ಅರ್ಕಾವತ್ತಿನ ಕೋಡು ‘ತ’ ಆದ ಮ್ಯಾಲ ಕುಂತಿರತೈತಿ, ಕಣ್ಣಿಗೆ ಕಾಣೂ ಕ್ರಮದಾಗ. ಯೂನಿಕೋಡ್‌ದಾಗ ‘ರ್’ ಮೊದಲ ಬರಬೇಕು, ಉಚ್ಚಾರದ ಕ್ರಮದಾಗ. ಹಂಗಾಗಿ ಬರೇ ಅಕ್ಷರಕ್ಕ ಅಕ್ಷರ ಬದಲಿ ಮಾಡಿದ್ರ ಆಗಂಗಿಲ್ಲ, ಹಿಂದ ಹೋಗಿ ಪೂರ್ತಿ ಅಕ್ಷರ ಎಲ್ಲಿ ಶುರು ಆಗೇತಿ ಹುಡುಕಿ ಅದರ ಮುಂದ ಹಾಕಬೇಕು, ನಡುವ ಒತ್ತಕ್ಷರ ಇದ್ರ ಅದನ್ನೂ ದಾಟಬೇಕು. ‘ರ‍್ಯಾಂಕ್’ ಅನ್ನೂದಕ್ಕ ಕಣ್ಣಿಗೆ ಕಾಣದ ಜಾಯಿನರ್ ಹಾಕಬೇಕು. ಡಿಟಿಪಿ ಆಪರೇಟರ್ ಜಾಗ ಹೊಂದಿಸಾಕ ಕೊಟ್ಟ ಸ್ಪೇಸ್ ಎಲ್ಲಾ ಶಬ್ದ ಒಡದಿರತಾವ. ಇದೆಲ್ಲಾ ಇಪ್ಪತ್ತ ವರ್ಷ ಆ ಫೈಲ್ ನೋಡಿದವಗ ಗೊತ್ತು, ಬರೇ ಕೋಡ್ ಕಲ್ತವಗ ಗೊತ್ತಿಲ್ಲ. ಸ್ಕ್ರಿಪ್ಟ್ ಬರ್ಕೊಂಡೆ, ಪುಟಕ್ಕ ಇಷ್ಟು ಅಂತ ರೇಟ್ ಮಾಡ್ದೆ, ಕರಡು ತಿದ್ದೂದು ಸೇರಿ. ಈಗ ಅಂಗಡಿ ಬಾಡಿಗಿ ಅದರಾಗ ಬರತೈತಿ. ಹಂಗಾಗಿ ತಮ್ಮಾ, ನೀ ಏನ್ ಕಲ್ತಿ ಅನ್ನೂದಕ್ಕಿಂತ, ಕಲಿಯೂ ಮೊದಲ ನಿನಗ ಏನ್ ಗೊತ್ತಿತ್ತು ಅನ್ನೂದು ನೋಡು.

ಘಟ್ಟದ_ಮೇಲೆ
ಶಿರಸಿ ಕಡೆ ನಮ್ಮದು. ಅಪ್‌ವರ್ಕ್‌ನಲ್ಲೇ ಜೀವನ ಮಾಡೋನು ನಾನು, ಅದಕ್ಕೆ ಬರೀತಿದೀನಿ. ಬರಲ್ಲ ಅಂತ ಅಲ್ಲ, ಆದ್ರೆ ಅಲ್ಲಿ ಶುರು ಮಾಡೋದು ಈಗ ಹಿಂದಿನ ಹಾಗಿಲ್ಲ. ಪ್ರಪೋಸಲ್ ಹಾಕೋಕೆ ಕನೆಕ್ಟ್ ಅನ್ನೋ ಟೋಕನ್ ಕೊಳ್ಳಬೇಕು, ಒಂದಕ್ಕೆ 15 ಸೆಂಟ್, ಒಂದೊಂದು ಕೆಲ್ಸಕ್ಕೆ ಹತ್ತು ಹದಿನೈದು ಕನೆಕ್ಟ್ ಕೇಳುತ್ತೆ, ಅಂದ್ರೆ ಉತ್ತರ ಬರದ ಪ್ರಪೋಸಲ್‌ಗೆಲ್ಲ ನೂರಿನ್ನೂರು ರೂಪಾಯಿ ಹೋಗ್ತಾನೇ ಇರುತ್ತೆ. ಬಂದ ಮೇಲೆ ಕಮಿಷನ್, 2023ರಲ್ಲಿ ಎಲ್ಲದಕ್ಕೂ ಶೇ. 10 ಮಾಡಿದ್ರು, 2025ರಿಂದ ಕಾಂಟ್ರಾಕ್ಟ್ ನೋಡಿ ಸೊನ್ನೆಯಿಂದ ಶೇ. 15ರವರೆಗೆ. ಅದೇ ಥರದ ಇನ್ನೊಂದು ಸೈಟ್ ಫೈವರ್ ಅಂತೂ ಶೇ. 20 ಹಿಡಿಯುತ್ತೆ. ‘ಪೈಥಾನ್ ಡೆವಲಪರ್’ ಅಂತ ಪ್ರೊಫೈಲ್ ಹಾಕಿದ್ರೆ ಪ್ರಪಂಚದ ಎಲ್ಲಾ ಪೈಥಾನ್ ಡೆವಲಪರ್‌ಗಳ ಜೊತೆ ಸ್ಪರ್ಧೆ. ನನಗೆ ಬರೋ ಗಿರಾಕಿಗಳೆಲ್ಲ ಒಂದೇ ಥರದೋರು, ಹೋಂಸ್ಟೇ, ರೆಸಾರ್ಟ್ ನಡೆಸೋರು, ಬುಕಿಂಗ್ ಕ್ಯಾಲೆಂಡರ್ ಸಿಂಕ್ ಆಗದೆ ಒಂದೇ ರೂಮು ಇಬ್ರಿಗೆ ಹೋಗಿ ಜಗಳ ಆದೋರು. ನಮ್ಮನೇಲೇ ಹೋಂಸ್ಟೇ ಇದೆ, ಅವರ ತೊಂದ್ರೆ ನನಗೆ ಅವರು ಹೇಳೋಕೆ ಮುಂಚೆ ಗೊತ್ತು. ಪ್ರಪೋಸಲ್‌ನ ಮೊದಲ ಎರಡು ಸಾಲಲ್ಲಿ ಅದು ಕಂಡ್ರೆ ಉತ್ತರ ಬರುತ್ತೆ, ನಾನು ಕಷ್ಟಪಟ್ಟು ದುಡಿಯೋ ಹುಡುಗ ಅಂತ ಬರೆದ್ರೆ ಯಾರೂ ಓದಲ್ಲ.

ಇನ್ನೊಂದು, ಯಾರೇ ಗಿರಾಕಿ ಟೆಲಿಗ್ರಾಂಗೆ ಬಾ ಅಂದ್ರೆ ಹೋಗ್ಬೇಡಿ. ಫಿಕ್ಸೆಡ್ ಕೆಲ್ಸ ಆದ್ರೆ ಎಸ್ಕ್ರೋನಲ್ಲಿ, ಅಂದ್ರೆ ಸೈಟಿನೋರ ಹತ್ರ ಮುಂಚೆನೇ, ದುಡ್ಡು ಕೂತಿದೆಯಾ ನೋಡಿ ಆಮೇಲೆ ಶುರು ಮಾಡಿ.

ಬೆಣ್ಣೆದೋಸೆ_ಟಿಡಿಎಲ್
ದಾವಣಗೆರೆಯಿಂದ. ಟ್ಯಾಲಿ (ಲೆಕ್ಕ ಬರೆಯೋ ಸಾಫ್ಟ್‌ವೇರ್) ಕಸ್ಟಮೈಸೇಶನ್ ನನ್ನ ಕಸುಬು, ಅದರದೇ ಭಾಷೆ ಟಿಡಿಎಲ್‌ನಲ್ಲಿ ಕೋಡ್ ಬರೀತೀನಿ. ಅಡಿಕೆ ಮಂಡಿ, ಬಟ್ಟೆ ಹೋಲ್‌ಸೇಲು, ಅಕ್ಕಿ ಮಿಲ್ಲು ಇವ್ರೇ ನಮ್ಮ ಗಿರಾಕಿಗಳು. @ವೇದಾವತಿ_ದಂಡೆ, ನಿಮ್ಮ ಪೋಸ್ಟಲ್ಲಿ ನೀವು ಒಂದೇ ಸಾಲಲ್ಲಿ ಹೇಳಿ ದಾಟಿ ಹೋದದ್ದು ಇದೆಯಲ್ಲ, ಟ್ಯಾಕ್ಸ್ ಆಫೀಸಲ್ಲಿ ರಿಟರ್ನ್ ಹಾಕ್ತಿದ್ದೆ ಅಂತ, ನಿಮ್ಮ ಸಂಪಾದನೆ ಅಲ್ಲಿದೆ. ಆ ಆಫೀಸಲ್ಲಿ ಎಲ್ಲರಿಗೂ ಜಾಸ್ತಿ ತಲೆನೋವು ತರ್ತಿದ್ದ ಕೆಲ್ಸ ಯಾವುದು? ಯೋಚ್ನೆ ಮಾಡದೆ ಹೇಳಿ.

ವೇದಾವತಿ_ದಂಡೆ
2ಬಿ ಮ್ಯಾಚಿಂಗ್. ಅದರಲ್ಲಿ ಯೋಚ್ನೆ ಮಾಡೋದೇ ಇಲ್ಲ. ಗೊತ್ತಿಲ್ದೋರಿಗೆ ಹೇಳ್ತೀನಿ, ವ್ಯಾಪಾರಿ ಖರೀದಿ ಮಾಡಿದ ಬಿಲ್ಲಿನ ಮೇಲಿನ ಟ್ಯಾಕ್ಸ್ ಕ್ರೆಡಿಟ್ ತಗೋಬೇಕು ಅಂದ್ರೆ ಆ ಬಿಲ್ಲು ಸಪ್ಲೈಯರ್ ಕಡೆಯಿಂದ ಅಪ್‌ಲೋಡ್ ಆಗಿ ಜಿಎಸ್‌ಟಿಆರ್ 2ಬಿ ಅನ್ನೋ ಪಟ್ಟಿಯಲ್ಲಿ ಕಾಣ್ಬೇಕು, 2022ರ ಜನವರಿಯಿಂದ ಅದು ಕಡ್ಡಾಯ. 2ಬಿ ಬರೋದು ತಿಂಗಳ 14ಕ್ಕೆ, ತೆರಿಗೆ ಕಟ್ಟೋ ರಿಟರ್ನ್ 3ಬಿ ಹಾಕೋಕೆ ಕೊನೆ ದಿನ 20. ನಡುವೆ ಆರು ದಿನ. ಆ ಆರು ದಿನದಲ್ಲಿ ಪ್ರತಿ ಪಾರ್ಟಿಯ (ಗಿರಾಕಿಯ) ಪರ್ಚೇಸ್ ರಿಜಿಸ್ಟರ್ ಒಂದು ಕಡೆ 2ಬಿ ಒಂದು ಕಡೆ ಇಟ್ಕೊಂಡು ಎಕ್ಸೆಲ್‌ನಲ್ಲಿ ವಿಲುಕಪ್ (ಎರಡು ಪಟ್ಟಿ ತಾಳೆ ನೋಡೋ ಸೂತ್ರ) ಹಾಕ್ತಾ ಕೂರ್ತಿದ್ವಿ, ರಾತ್ರಿ ಹತ್ತಾಗ್ತಿತ್ತು ಕೆಲವು ದಿನ, ಆಮೇಲೆ ಸಿಗದ ಬಿಲ್ಲಿಗೆ ಸಪ್ಲೈಯರ್‌ಗೆ ಫೋನ್ ಮಾಡೋದು ಬೇರೆ.

ಬೆಣ್ಣೆದೋಸೆ_ಟಿಡಿಎಲ್
ಅದನ್ನೇ ಪಾಂಡಾಸಲ್ಲಿ ಮಾಡಿ. ಬೇರೆ ಏನೂ ಕಲಿಯೋದು ಬೇಡ ಈಗ. ಹಳೇ ಆಫೀಸಿಗೇ ಹೋಗಿ ಕೊಡಿ.

ಕೋಡುಗಲ್ಲು
ಟ್ಯಾಲಿಪ್ರೈಮ್‌ನಲ್ಲೇ ಈಗ 2ಬಿ ರಿಕನ್ಸಿಲಿಯೇಶನ್ ಬಂದಿದೆಯಲ್ಲ, ದೊಡ್ಡ ದೊಡ್ಡ ಕಂಪನಿಗಳ ಸಾಫ್ಟ್‌ವೇರೂ ಇದೆ. ಇವರು ಮನೇಲಿ ಕೂತು ಮಾಡಿದ್ದನ್ನ ಯಾರು ತಗೋತಾರೆ?

ಬೆಣ್ಣೆದೋಸೆ_ಟಿಡಿಎಲ್
ಇದೆ, ಚೆನ್ನಾಗೇ ಇದೆ, ನಾನೇ ಜನಕ್ಕೆ ತೋರಿಸ್ಕೊಡ್ತೀನಿ. ಆದ್ರೆ ಟ್ಯಾಕ್ಸ್ ಪ್ರಾಕ್ಟೀಷನರ್ ಆಫೀಸಿಗೆ ಒಂದ್ಸಲ ಹೋಗಿ ನೋಡಿ. ಮೆಡಿಕಲ್ ಸ್ಟೋರ್‌ನೋರು ಅವರದೇ ಫಾರ್ಮಸಿ ಸಾಫ್ಟ್‌ವೇರಿಂದ ಎಕ್ಸೆಲ್ ಕಳಿಸ್ತಾರೆ, ಹಾರ್ಡ್‌ವೇರ್ ಅಂಗಡಿಯೋರು ಬೇರೆ ಬಿಲ್ಲಿಂಗ್ ಸಾಫ್ಟ್‌ವೇರು, ಇನ್ನೊಬ್ರು ಬಿಲ್ಲುಗಳ ಫೋಟೋ ತೆಗೆದು ವಾಟ್ಸಾಪ್ ಮಾಡ್ತಾರೆ, ಇನ್ನೊಬ್ರು ಚೀಲದಲ್ಲಿ ಬಿಲ್ಲು ತಂದು ಟೇಬಲ್ ಮೇಲೆ ಸುರೀತಾರೆ. ಎಲ್ಲಾ ಒಂದೇ ಟ್ಯಾಲಿಯಲ್ಲಿ ಇರಲ್ಲ. ಆ ನಾನಾ ಥರದ ಎಕ್ಸೆಲ್‌ನ ಒಂದು ರೂಪಕ್ಕೆ ತರೋದೇ ಕೆಲ್ಸ, ಮ್ಯಾಚಿಂಗ್ ಆಮೇಲಿನ ಮಾತು. ದೊಡ್ಡ ಸಾಫ್ಟ್‌ವೇರ್ ಕಂಪನಿ ಹಿರಿಯೂರಿನ ಮೆಡಿಕಲ್ ಸ್ಟೋರ್‌ನ ಎಕ್ಸೆಲ್‌ನಲ್ಲಿ ಎಷ್ಟನೇ ಕಾಲಂನಲ್ಲಿ ಬಿಲ್ ನಂಬರ್ ಇದೆ ಅಂತ ನೋಡೋಕೆ ಬರಲ್ಲ, ಇವರು ಹೋಗಿ ನೋಡ್ತಾರೆ. ಅಷ್ಟೇ ವ್ಯತ್ಯಾಸ, ಆದ್ರೆ ಅದಕ್ಕೇ ದುಡ್ಡು.

ವೇದಾವತಿ_ದಂಡೆ
ಓದಿ ನಿದ್ದೇನೇ ಬರ್ಲಿಲ್ಲ ಸರ್. ಹಳೇ ಸರ್‌ಗೆ ಫೋನ್ ಮಾಡ್ದೆ, ಪಾರ್ಟಿ ಹೆಸರು ತೆಗೆದು ಮೂರು ಸ್ಯಾಂಪಲ್ ಫೈಲ್ ಕೊಟ್ರು. ಮ್ಯಾಚ್ ಮಾಡಿ ನೋಡಿದ್ರೆ ಅರ್ಧಕ್ಕರ್ಧ ಸೇರ್ತಿಲ್ಲ. ಜಿಎಸ್‌ಟಿ ನಂಬರ್ ಮತ್ತೆ ಬಿಲ್ ನಂಬರ್ ಎರಡೂ ಸೇರಿಸಿ ಮರ್ಜ್ ಮಾಡ್ತಿದೀನಿ.

ಬೆಣ್ಣೆದೋಸೆ_ಟಿಡಿಎಲ್
ಸೇರಲ್ಲ. ಸಪ್ಲೈಯರ್ ಅಪ್‌ಲೋಡ್ ಮಾಡಿರೋದು ಪೂರ್ತಿ ನಂಬರ್, ಮುಂದೆ ಅಂಗಡಿ ಹೆಸರಿನ ಮೂರಕ್ಷರ, ನಡುವೆ ವರ್ಷ, ಸ್ಲ್ಯಾಷು, ಸೊನ್ನೆಗಳು, ಹದಿನಾರು ಅಕ್ಷರದವರೆಗೂ ಇರಬಹುದು ರೂಲ್ ಪ್ರಕಾರ. ಅಂಗಡಿ ಗುಮಾಸ್ತ ಎಂಟ್ರಿ ಮಾಡಿರೋದು ಬರೀ 45. ಅದಕ್ಕೆ ಹಂತ ಹಂತವಾಗಿ ಹೋಗಿ. ಮೊದಲು ಪೂರ್ತಿ ಸರಿ ಇರೋದನ್ನ ತೆಗೆದು ಪಕ್ಕಕ್ಕಿಡಿ. ಉಳಿದಿದ್ದರಲ್ಲಿ ಅಂಕಿ ಅಲ್ಲದ್ದನ್ನೆಲ್ಲ ಕಿತ್ತು ಕೊನೆಯ ಅಂಕಿಗಳನ್ನ ನೋಡಿ, ಜೊತೆಗೆ ಟ್ಯಾಕ್ಸ್ ಮೊತ್ತ ಒಂದು ರೂಪಾಯಿ ಆಚೆ ಈಚೆಗೆ ಸೇರುತ್ತಾ ನೋಡಿ, ರೌಂಡ್ ಆಫ್ ವ್ಯತ್ಯಾಸ ಇದ್ದೇ ಇರುತ್ತೆ. ಆಮೇಲೂ ಉಳಿದ್ರೆ ಜಿಎಸ್‌ಟಿ ನಂಬರ್ ಬಿಟ್ಟು ಅದರೊಳಗಿನ ಪ್ಯಾನ್ ನೋಡಿ, ಮೂರನೇ ಅಕ್ಷರದಿಂದ ಹನ್ನೆರಡನೇದವರೆಗೆ. ಹುಬ್ಬಳ್ಳಿ ಡಿಪೋ ಬಿಲ್ಲು 29ರಿಂದ ಶುರುವಾಗೋ ನಂಬರ್‌ದು, ಗುಮಾಸ್ತ ಮಹಾರಾಷ್ಟ್ರದ 27ರ ನಂಬರ್ ಹೊಡೆದಿರ್ತಾನೆ, ಕಂಪನಿ ಒಂದೇ ಆಗಿರೋದ್ರಿಂದ ಪ್ಯಾನ್ ಒಂದೇ. ಇದನ್ನ ‘ಸೇರಿತು’ ಅಂತ ತೋರಿಸ್ಬೇಡಿ, ‘ನೋಡಿ’ ಅಂತ ಹಳದಿ ಬಣ್ಣದಲ್ಲಿ ತೋರಿಸಿ. ತೀರ್ಮಾನ ಆಫೀಸಿನೋರು ಮಾಡ್ಲಿ, ಸಹಿ ಹಾಕೋದು ಅವರು.

ವೇದಾವತಿ_ದಂಡೆ
ಇನ್ನೊಂದು ವಿಚಿತ್ರ ಸಿಕ್ತು. ಒಂದು ಫೈಲಲ್ಲಿ ಬಿಲ್ ನಂಬರ್ ಜಾಗದಲ್ಲಿ ಮೇ 12, ಜೂನ್ 7 ಅಂತೆಲ್ಲ ದಿನಾಂಕ ಬರ್ತಿದೆ.

ಗದಗ_ಡಿಟಿಪಿ
ಎಕ್ಸೆಲ್ ಮಾಡಿದ್ದರೀ ಅದು. ಬಿಲ್ ನಂಬರ್ 12-5 ಅಂತ ಹೊಡದ್ರ ಅದು ತಾರೀಖು ಅಂತ ತಿಳಕೊಂಡು ಬದಲ್ ಮಾಡಿಬಿಡತೈತಿ.

ಬೆಣ್ಣೆದೋಸೆ_ಟಿಡಿಎಲ್
ಹೌದು ಅದೇ. ಓದುವಾಗ ಎಲ್ಲಾನೂ ಸ್ಟ್ರಿಂಗ್ (ಬರೀ ಅಕ್ಷರ) ಅಂತ ಓದಿದ್ರೆ ಮುಂದಿನ ಸೊನ್ನೆ ಉಳಿಯುತ್ತೆ, ಆದ್ರೆ ಸೆಲ್ ಒಳಗೇ ತಾರೀಖಾಗಿ ಹೋಗಿದ್ರೆ ಸ್ಟ್ರಿಂಗ್ ಮಾಡಿದ್ರೂ ಪ್ರಯೋಜನ ಇಲ್ಲ, ತಾರೀಖಿಂದ ದಿನ ತಿಂಗಳು ತೆಗೆದು ಮತ್ತೆ 12-5 ಮಾಡಿ ಆ ರೂಪದಲ್ಲೂ ಹುಡುಕ್ಬೇಕು. ಇದೊಂದು ಸರಿ ಮಾಡಿ ಕೊಡಿ, ಆಫೀಸಿನೋರು ನಿಮ್ಮನ್ನ ಬಿಡಲ್ಲ. ಮತ್ತೆ ಮಾರ್ಚ್ ಬಿಲ್ಲು ಏಪ್ರಿಲಲ್ಲಿ ಎಂಟ್ರಿ ಆಗಿರೋದು, ಹಿಂದಿನ ಎರಡು ತಿಂಗಳ ಉಳಿಕೆ ಲಿಸ್ಟು ಇಟ್ಕೊಂಡೇ ಈ ತಿಂಗಳು ಓಡಿಸಿ.

ಪಡುಕಡಲು
ಉಡುಪಿಯಿಂದ. ಟೆಕ್ನಿಕಲ್ ವಿಷಯ ನೀವೆಲ್ಲ ಹೇಳಿದ್ರಿ, ನಾನು ಕಾಗದದ ವಿಷಯ ಹೇಳ್ತೇನೆ, ಯಾಕಂದ್ರೆ ಕೆಲಸ ಮಾಡಿ ದುಡ್ಡು ಬಾರದೇ ಕೂತವರು ನಮ್ಮಲ್ಲಿ ತುಂಬ ಜನ ಉಂಟು. ಒಂದು ಪುಟದಲ್ಲಿ ಬರೆದುಕೊಳ್ಳಿ, ಏನು ಮಾಡಿ ಕೊಡ್ತೀರಿ, ಏನು ಮಾಡುದಿಲ್ಲ, ಎಷ್ಟು ದಿನದಲ್ಲಿ ಹಣ, ಇಬ್ಬರ ಸಹಿ. ಬಾಯಿಮಾತಲ್ಲಿ ಬಿಡಬೇಡಿ, ಗುರ್ತದವರು ಅಂತ ಆದ್ರೆ ಇನ್ನೂ ಬಿಡಬೇಡಿ. ಉದ್ಯಮ್ ರಿಜಿಸ್ಟ್ರೇಶನ್ (ಸಣ್ಣ ಉದ್ಯಮಗಳ ನೋಂದಣಿ) ಮಾಡಿಕೊಳ್ಳಿ, ಸರ್ಕಾರಿ ಪೋರ್ಟಲ್‌ನಲ್ಲಿ ಪೂರ್ತಿ ಉಚಿತ, ಹಣ ಕೇಳುವ ನಕಲಿ ಸೈಟ್‌ಗಳು ಬೇಕಾದಷ್ಟು ಉಂಟು ನೋಡಿಕೊಂಡು ಹೋಗಿ. ಅದು ಇದ್ರೆ ಎಂಎಸ್‌ಎಂಇ, ಅಂದ್ರೆ ಸಣ್ಣ ಉದ್ಯಮಗಳ, ಕಾನೂನಿನಲ್ಲಿ ಒಪ್ಪಂದ ಇದ್ದರೆ ಹೆಚ್ಚೆಂದರೆ 45 ದಿನ, ಇಲ್ಲದಿದ್ದರೆ 15 ದಿನದಲ್ಲಿ ನಿಮ್ಮ ಹಣ ಕೊಡಬೇಕು. ಕೊಡದಿದ್ರೆ ದೂರು ಹಾಕಲಿಕ್ಕೆ ಸರ್ಕಾರದ ಆನ್‌ಲೈನ್ ಪೋರ್ಟಲ್ ಉಂಟು. ಆ ಗಡುವು ದಾಟಿ ಆ ವರ್ಷದೊಳಗೂ ಕೊಡದಿದ್ರೆ ಅವರಿಗೆ ಇನ್‌ಕಂ ಟ್ಯಾಕ್ಸ್‌ನಲ್ಲಿ ಆ ವರ್ಷಕ್ಕೆ ಆ ಖರ್ಚು ತೋರಿಸಲಿಕ್ಕೂ ಆಗುದಿಲ್ಲ, ಹಣ ಕೊಟ್ಟ ವರ್ಷವೇ ತೋರಿಸಬೇಕು, ಇದು ಆಡಿಟರ್‌ಗಳಿಗೆ ಚೆನ್ನಾಗಿ ಗೊತ್ತು, ಹಾಗಾಗಿ ಬಿಲ್ಲಿನ ಮೇಲೆ ಉದ್ಯಮ್ ನಂಬರ್ ಹಾಕಿದ್ರೆ ಬೇಗ ಕೊಡ್ತಾರೆ.

ಕೋಡ್ ಯಾರದ್ದು ಅನ್ನುವುದೂ ಬರೆಯಿರಿ. ನಮ್ಮ 1957ರ ಕಾಪಿರೈಟ್ ಕಾಯ್ದೆ ಪ್ರಕಾರ ಸಂಬಳದ ನೌಕರ ಬರೆದದ್ದು ಕಂಪನಿಯದ್ದು, ಆದ್ರೆ ಹೊರಗಿನವ ಬರೆದು ಕೊಟ್ಟ ಪ್ರೋಗ್ರಾಂ ಲಿಖಿತವಾಗಿ ಬರೆದುಕೊಡುವವರೆಗೆ ಬರೆದವನದ್ದೇ. ನೀವು ಇದನ್ನೇ ನಾಳೆ ಹತ್ತು ಆಫೀಸಿಗೆ ಕೊಡುವವರು, ಮೊದಲ ಆಫೀಸಿಗೆ ಹಕ್ಕು ಬರೆದು ಕೊಡಬೇಡಿ, ಉಪಯೋಗಿಸುವ ಅನುಮತಿ ಮಾತ್ರ ಕೊಡಿ.

ಸಿಲ್ಕ್‌ಬೋರ್ಡ್_ಸಿಗ್ನಲ್
ಇದು ನಂಗೂ ಹೊಸ ವಿಷಯ. ಒಂದು ಪ್ರಶ್ನೆ, ಡೇಟಾ ಎಲ್ಲಿ ಇರುತ್ತೆ? ವ್ಯಾಪಾರಿಗಳ ಖರೀದಿ ಲೆಕ್ಕ ಇವರ ಲ್ಯಾಪ್‌ಟಾಪಿಗೆ ಬರೋದು ಸರಿ ಅಲ್ಲ ಅನ್ಸುತ್ತೆ. ಯಾರ ಹತ್ರ ಯಾರು ಎಷ್ಟಕ್ಕೆ ಕೊಂಡ್ರು ಅನ್ನೋದು ಪಕ್ಕದ ಅಂಗಡಿಗೆ ಗೊತ್ತಾದ್ರೆ ಕಥೆ ಮುಗೀತು.

ವೇದಾವತಿ_ದಂಡೆ
ಸರ್ ಕೂಡ ಅದನ್ನೇ ಮೊದಲು ಕೇಳಿದ್ರು. ಅವರ ಕಂಪ್ಯೂಟರಲ್ಲೇ ಓಡೋ ಹಾಗೆ ಪೈಇನ್‌ಸ್ಟಾಲರ್ ಅನ್ನೋ ಟೂಲಲ್ಲಿ ಎಕ್ಸಿ (.exe) ಫೈಲ್ ಮಾಡಿ ಕೊಟ್ಟೆ, ಹೊರಗೆ ಏನೂ ಹೋಗಲ್ಲ. ಆದ್ರೆ ಆಂಟಿವೈರಸ್ ಅದನ್ನ ವೈರಸ್ ಅಂತ ಹೇಳಿ ಡಿಲೀಟ್ ಮಾಡ್ತು.

ಘಟ್ಟದ_ಮೇಲೆ
ಒಂದೇ ಫೈಲ್ ಮಾಡೋ ಆಯ್ಕೆ ಬಿಟ್ಟು ಫೋಲ್ಡರ್ ಆಗಿ ಕಟ್ಟಿ, ಅರ್ಧ ತೊಂದ್ರೆ ಹೋಗುತ್ತೆ. ಇಲ್ಲಾಂದ್ರೆ ಅವರ ಕಂಪ್ಯೂಟರಲ್ಲೇ ಪೈಥಾನ್ ಹಾಕಿ ಡೆಸ್ಕ್‌ಟಾಪ್ ಮೇಲೆ ಒಂದು ಬ್ಯಾಚ್ ಫೈಲ್ ಇಡಿ, ಡಬಲ್ ಕ್ಲಿಕ್ ಮಾಡಿದ್ರೆ ಓಡುತ್ತೆ. ನೋಡೋಕೆ ಚೆಂದ ಇಲ್ಲ, ಆದ್ರೆ ಸರಿಪಡಿಸೋದು ಸುಲಭ.

ಕೋಡುಗಲ್ಲು
ರೇಟ್ ಬಗ್ಗೆ ಯಾರೂ ಮಾತಾಡ್ತಿಲ್ಲ. ಮತ್ತೆ ಎಐ ಬಗ್ಗೆ. ಈ ಸ್ಕ್ರಿಪ್ಟ್ ಚಾಟ್‌ಜಿಪಿಟಿ ಐದು ನಿಮಿಷದಲ್ಲಿ ಬರೆದು ಕೊಡುತ್ತೆ, ನಾಳೆ ಆ ಆಫೀಸಿನೋರೇ ಕೇಳಿ ಬರೆಸ್ಕೋತಾರೆ.

ಬೆಣ್ಣೆದೋಸೆ_ಟಿಡಿಎಲ್
ಬರೆಸ್ಕೊಳ್ಳಲಿ. ಮೊದಲ ಸ್ಕ್ರಿಪ್ಟ್ ಬರುತ್ತೆ, ಸ್ಯಾಂಪಲ್ ಮೇಲೆ ಓಡುತ್ತೆ. 18ನೇ ತಾರೀಖು ಸಂಜೆ ಮೆಡಿಕಲ್ ಸ್ಟೋರ್‌ನೋರು ಸಾಫ್ಟ್‌ವೇರ್ ಅಪ್‌ಡೇಟ್ ಮಾಡಿ ಕಾಲಂ ಹೆಸರು ಬದಲಾಗಿ ಎಲ್ಲಾ ನಿಂತಾಗ ಆಫೀಸಿನೋರಿಗೆ ಕೂತು ಎಐ ಕೇಳೋ ವ್ಯವಧಾನ ಇರಲ್ಲ, ಅವರಿಗೆ ಫೋನ್ ಎತ್ತೋ ಮನುಷ್ಯ ಬೇಕು. ನಾನೂ ಕೋಡ್‌ಗೆ ಎಐ ಬಳಸ್ತೀನಿ, ದಿನಾ ಬಳಸ್ತೀನಿ. ಮೂರು ಪುಟದ ವೆಬ್‌ಸೈಟು, ಲಾಗಿನ್ ಫಾರ್ಮು ಇಂಥ ಬಿಡಿ ಕೆಲ್ಸಕ್ಕೆ ಈಗ ಬೆಲೆ ಇಲ್ಲ, ಅದನ್ನ ಒಪ್ಪಿಕೊಂಡೇ ಮುಂದೆ ಹೋಗ್ಬೇಕು.

ರೇಟು: ಒಂದೇ ಸಲಕ್ಕೆ ಹದಿನೈದು ಸಾವಿರ ಅಂತ ಕೇಳ್ಬೇಡಿ. ಅವರೂ ಕೊಡಲ್ಲ, ಕೊಟ್ಟರೂ ಜನ್ಮಪೂರ್ತಿ ಸರ್ವೀಸ್ ಕೇಳ್ತಾರೆ. ಒಂದು ಪಾರ್ಟಿಗೆ ಒಂದು ಸಲದ ಮ್ಯಾಚಿಂಗ್‌ಗೆ ಇಷ್ಟು ಅಂತ ಮಾಡಿ. ಇಲ್ಲಿ ಒಂದು ವಿಷಯ ನೆನಪಿಡಿ, ಐದು ಕೋಟಿ ಒಳಗಿನ ವಹಿವಾಟಿನೋರು ತುಂಬಾ ಜನ ಮೂರು ತಿಂಗಳಿಗೊಮ್ಮೆ 3ಬಿ ಹಾಕೋ ಕ್ಯುಆರ್‌ಎಂಪಿಯಲ್ಲಿರ್ತಾರೆ, ನಮ್ಮ ರಾಜ್ಯಕ್ಕೆ ಅದರ ಕೊನೆ ದಿನ 22. ಅಂದ್ರೆ ನಿಮಗೆ ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್‌ನಲ್ಲಿ ಕೈ ತುಂಬಾ ಕೆಲ್ಸ, ನಡುವಿನ ತಿಂಗಳು ತೆಳು. ಮನೆ ಖರ್ಚು ಲೆಕ್ಕ ಹಾಕುವಾಗ ಇದನ್ನ ಸೇರಿಸ್ಕೊಳ್ಳಿ.

ಚುರುಕು_ಹುಡುಗ
ಇಷ್ಟೆಲ್ಲಾ ಯಾಕೆ ಬ್ರೋ, ಫೈನಲ್ ಇಯರ್ ಪ್ರಾಜೆಕ್ಟ್ ಮಾಡಿ ಮಾರಿ. ಇಂಜಿನಿಯರಿಂಗ್, ಬಿಸಿಎ ಹುಡುಗ್ರು ಒಂದಕ್ಕೆ ಎಂಟು ಹತ್ತು ಸಾವಿರ ಕೊಡ್ತಾರೆ, ಒಂದೇ ಕೋಡ್ ಇಪ್ಪತ್ತು ಟೀಮಿಗೆ ಮಾರಬಹುದು.

ತುಂಗೆಯ_ಕರೆ
ಬೇಡ. ನಾನು ಡಿಗ್ರಿ ಕಾಲೇಜಲ್ಲಿ ಪಾಠ ಮಾಡ್ತೀನಿ. ಪ್ರಾಜೆಕ್ಟ್ ಕೊಂಡ ಹುಡುಗ್ರು ವೈವಾದಲ್ಲಿ ಎದುರಿಗೆ ನಿಂತು ಲೂಪ್ ಯಾಕೆ ಹಾಕಿದೀರಿ ಅಂದ್ರೆ ಬೆವರ್ತಾರೆ, ಆಮೇಲೆ ಕೆಲ್ಸ ಸಿಗದೆ ಎರಡು ವರ್ಷ ಬಿಟ್ಟು ಇಂಥದೇ ವೇದಿಕೆಗೆ ಬಂದು 35 ಸಾವಿರ ಕಟ್ಲಾ ಅಂತ ಕೇಳ್ತಾರೆ. ಅವರಿಗೆ ಪಾಠ ಹೇಳಿ ದುಡ್ಡು ತಗೊಳ್ಳಿ, ಜೊತೇಲಿ ಕೂತು ಅವರ ಕೈಯಲ್ಲೇ ಬರೆಸಿ, ಅದಕ್ಕೆ ಫೀಸು ಕೊಡೋಕೆ ಪೋಷಕರು ತಯಾರಿದಾರೆ. ಕನ್ನಡದಲ್ಲಿ ಕೋಡಿಂಗ್ ಹೇಳಿಕೊಡೋರು ಬೇಕೇ ಬೇಕು, ಕನ್ನಡ ಮೀಡಿಯಂ ಮಕ್ಕಳು ಇಂಗ್ಲಿಷ್ ವಿಡಿಯೋ ಮುಂದೆ ಕೂತು ಅರ್ಥ ಆಗ್ದೆ ನಂಗೆ ಬುದ್ಧಿ ಇಲ್ಲ ಅಂದ್ಕೊಂಡು ಬಿಟ್ಟು ಹೋಗೋದನ್ನ ಪ್ರತಿ ವರ್ಷ ನೋಡ್ತೀನಿ, ಹೊಟ್ಟೆ ಉರಿಯುತ್ತೆ.

ಮಂಡ್ಯ_ಲೆಕ್ಕ
ಟ್ಯಾಕ್ಸ್ ವಿಷಯ ನಾನು ಹೇಳ್ಬಿಡ್ತೀನಿ, ಎಲ್ರೂ ಹೆದ್ರುತಾರೆ ಅದಕ್ಕೆ. ಸೇವೆಗೆ ಜಿಎಸ್‌ಟಿ ನೋಂದಣಿ ವರ್ಷಕ್ಕೆ 20 ಲಕ್ಷ ದಾಟೋವರೆಗೂ ಬೇಕಿಲ್ಲ. ಕಂಪನಿಗೆ ಕೆಲ್ಸ ಮಾಡಿದ್ರೆ ಟಿಡಿಎಸ್ (ಮೊದಲೇ ಮುರ್ಕೊಳ್ಳೋ ತೆರಿಗೆ) ಹಿಡಿದು ಕೊಡ್ತಾರೆ, ಪ್ರೊಫೆಶನಲ್ ಫೀಸ್ ಅಂತ ಶೇ. 10, ವರ್ಷಕ್ಕೆ 50 ಸಾವಿರ ದಾಟಿದ್ರೆ, 2025ರ ಏಪ್ರಿಲ್‌ಗೆ ಮುಂಚೆ ಅದು 30 ಸಾವಿರ ಇತ್ತು. ಅದು ಹೋದ ದುಡ್ಡಲ್ಲ ಕಣ್ರಿ, ನಿಮ್ಮ ಪ್ಯಾನ್ ಮೇಲೆ 26ಎಎಸ್ ಅನ್ನೋ ತೆರಿಗೆ ಪಟ್ಟಿಯಲ್ಲಿ ಕೂತಿರುತ್ತೆ, ರಿಟರ್ನ್ ಹಾಕಿದ್ರೆ ಕಟ್ಟಬೇಕಾದ ತೆರಿಗೆಗೆ ವಜಾ ಆಗಿ ಉಳಿದದ್ದು ವಾಪಸ್ ಬರುತ್ತೆ. ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗಿನ ಆದಾಯಕ್ಕೆ ರಿಬೇಟ್ ಸೇರಿ ತೆರಿಗೆ ಸೊನ್ನೆ, ಆದ್ರೂ ರಿಟರ್ನ್ ಹಾಕಿ, ನಾಳೆ ಬ್ಯಾಂಕ್ ಲೋನ್ ಕೇಳಿದಾಗ ಅದೇ ಆಧಾರ. 44ಎಡಿಎ ಅಂತ ಒಂದು ಸೆಕ್ಷನ್ ಇದೆ, ಬಂದ ಫೀಸಿನ ಅರ್ಧನ ಲಾಭ ಅಂತ ತೋರ್ಸಿ ಮುಗಿಸಬಹುದು, ಪುಸ್ತಕ ಬರೆಯೋ ತಾಪತ್ರಯ ಇಲ್ಲ. ಸೆಕ್ಷನ್ ನಂಬರ್ ನಾನು ಹಳೇದು ಹೇಳ್ತಿದೀನಿ, 2025ರ ಹೊಸ ಇನ್‌ಕಂ ಟ್ಯಾಕ್ಸ್ ಕಾಯ್ದೆ 2026ರ ಏಪ್ರಿಲ್ 1ರಿಂದ ಬಂದಿರೋದ್ರಿಂದ ನಂಬರ್‌ಗಳು ಬದಲಾಗಿವೆ, ನಿಮ್ಮ ಸರ್‌ನೇ ಕೇಳಿ.

@ಘಟ್ಟದ_ಮೇಲೆ ಥರ ಹೊರದೇಶದ ದುಡ್ಡು ಬರೋರು ಬ್ಯಾಂಕಿಗೆ ಪರ್ಪಸ್ ಕೋಡ್ (ದುಡ್ಡು ಯಾತಕ್ಕೆ ಬಂತು ಅನ್ನೋ ಸಂಕೇತ) ಸರಿಯಾಗಿ ಕೊಡಿ, ಸಾಫ್ಟ್‌ವೇರ್ ಕನ್ಸಲ್ಟೆನ್ಸಿಗೆ ಪಿ0802, ಮತ್ತೆ ಪ್ರತಿ ಸಲ ರೆಮಿಟೆನ್ಸ್ ಅಡ್ವೈಸ್ (ದುಡ್ಡು ಬಂದ ದಾಖಲೆ) ಇಸ್ಕೊಂಡು ಇಟ್ಕೊಳ್ಳಿ.

ವೇದಾವತಿ_ದಂಡೆ
ಸ್ವಲ್ಪ ದಿನ ಬಿಟ್ಟು ಬರೀತಿದೀನಿ, ಕ್ಷಮಿಸಿ, 20ನೇ ತಾರೀಖು ಕಳೆಯೋವರೆಗೂ ಉಸಿರಾಡೋಕೆ ಟೈಮ್ ಇರ್ಲಿಲ್ಲ. ಹಳೇ ಸರ್ ದೊಡ್ಡ ಪಾರ್ಟಿಗಳದ್ದಷ್ಟೇ ಮೊದಲು ಮಾಡು ಅಂದ್ರು. ಒಂದು ಪಾರ್ಟಿಗೆ 75 ರೂಪಾಯಿ ಅಂತ ಮಾತಾಯ್ತು, ಒಂದು ಪುಟದ ಒಪ್ಪಂದ ಬರೆದು ಇಬ್ರೂ ಸಹಿ ಹಾಕಿದೀವಿ, ಕೋಡ್ ನಂದೇ ಅಂತ ಸೇರಿಸಿದಾಗ ಸರ್ ಏನೂ ಅನ್ಲಿಲ್ಲ. ಒಂದು ಸಿಮೆಂಟ್ ಡೀಲರ್ ಫೈಲಲ್ಲಿ ಪ್ಯಾನ್ ಮೇಲೆ ಮ್ಯಾಚ್ ಮಾಡಿದ್ದರಲ್ಲಿ ಬೇರೆ ರಾಜ್ಯದ ನಂಬರ್ ಹೊಡೆದ ಬಿಲ್ಲುಗಳು ಸಿಕ್ವು, ಅವೆಲ್ಲ ಹಿಂದಿನ ತಿಂಗಳು ಸಿಕ್ತಿಲ್ಲ ಅಂತ ಬಿಟ್ಟಿದ್ದ ಕ್ರೆಡಿಟ್, ಡೀಲರ್ ಆಫೀಸಿಗೇ ಬಂದು ಯಾರು ಹುಡುಕಿದ್ದು ಅಂತ ಕೇಳಿದ್ರಂತೆ. ಮೊದಲ ತಿಂಗಳ ದುಡ್ಡು ದೊಡ್ಡದಲ್ಲ, ಅಮ್ಮನ ಔಷಧಿ ಖರ್ಚು ಬಂತು. ಇನ್‌ಸ್ಟಿಟ್ಯೂಟ್‌ನೋರ ನಂಬರ್ ಅಪ್ಪನೇ ಬ್ಲಾಕ್ ಮಾಡಿದಾರೆ.

ಈಗ ಸರ್ ಸ್ನೇಹಿತರೊಬ್ರು ಚಳ್ಳಕೆರೆಯಲ್ಲಿ ಆಫೀಸ್ ಇಟ್ಟಿದಾರೆ, ಎಣ್ಣೆ ಮಿಲ್ಲುಗಳ ಪಾರ್ಟಿ ಜಾಸ್ತಿ, ಅವ್ರೂ ಕೇಳಿದಾರೆ. ಆದ್ರೆ ಎರಡೂ ಆಫೀಸಿಗೆ ಒಂದೇ ಆರು ದಿನದಲ್ಲಿ ಕೆಲ್ಸ ಬೀಳುತ್ತೆ, ಒಬ್ಳೇ ಹೆಂಗೆ ನಿಭಾಯ್ಸೋದು ಅನ್ನೋದೇ ಯೋಚ್ನೆ.

ಬೆಣ್ಣೆದೋಸೆ_ಟಿಡಿಎಲ್
ತುಂಬಾ ಖುಷಿ ಆಯ್ತಮ್ಮ. ಚಳ್ಳಕೆರೆ ಒಪ್ಕೊಳ್ಳಿ. ಆದ್ರೆ 14ಕ್ಕೆ ಶುರು ಮಾಡ್ಬೇಡಿ. ಪರ್ಚೇಸ್ ರಿಜಿಸ್ಟರ್ ಎಕ್ಸೆಲ್‌ಗಳನ್ನ 5ನೇ ತಾರೀಖಿಂದಲೇ ಇಸ್ಕೊಂಡು ಶುದ್ಧ ಮಾಡಿ ಇಟ್ಕೊಳ್ಳಿ, ಕಾಲಂ ಬದಲಾಗಿದ್ರೆ ಆಗಲೇ ಗೊತ್ತಾಗುತ್ತೆ. ಸಪ್ಲೈಯರ್‌ಗಳು ಜಿಎಸ್‌ಟಿಆರ್ 1 (ಮಾರಾಟದ ಬಿಲ್ಲುಗಳ ರಿಟರ್ನ್) ಹಾಕೋಕೆ 11 ಕೊನೆ ದಿನ, ಯಾವಾಗಲೂ ತಡ ಮಾಡೋ ಸಪ್ಲೈಯರ್ ಲಿಸ್ಟ್ ಹಳೇ ಡೇಟಾದಿಂದಲೇ ತೆಗೆದು 9ನೇ ತಾರೀಖು ಆಫೀಸಿಗೆ ಕೊಡಿ, ಅವರು ಮುಂಚೆನೇ ಫೋನ್ ಮಾಡ್ಲಿ. 14ರ ನಂತರ ಬರೀ ಓಡಿಸೋದು. ಆ ಲಿಸ್ಟಿಗೆ ಬೇಕಾದ್ರೆ ಬೇರೆ ರೇಟ್ ಹಾಕಿ, ಅದು ಬೇರೆ ಕೆಲ್ಸ.

ಗದಗ_ಡಿಟಿಪಿ
ತಂಗೀ, ‘ತಮ್ಮಾ’ ಅಂದಿದ್ದೆ ಮ್ಯಾಲ, ಈಗ ಗೊತ್ತಾತು. ಆ ತಾರೀಖಾದ ಬಿಲ್ ನಂಬರ್ ವಾಪಸ್ ತರೂ ಕೋಡ್ ಇಲ್ಲೆ ಹಾಕ್ತೀಯೇನು? ನನ್ನ ಪುಸ್ತಕದ ಪರಿವಿಡಿ ಎಕ್ಸೆಲ್‌ದಾಗೂ ಅಧ್ಯಾಯದ ನಂಬರ್ ಎಲ್ಲಾ ಹಿಂಗ ತಾರೀಖಾಗ್ಯಾವ.

ವೇದಾವತಿ_ದಂಡೆ
ಖಂಡಿತ ಅಣ್ಣ. ಪಾರ್ಟಿ ಡೇಟಾ ಇಲ್ದೆ ಬರೀ ಡಮ್ಮಿ ಫೈಲ್ ಮಾಡಿ, ಕನ್ನಡದಲ್ಲಿ ವಿವರಣೆ ಬರೆದು ಭಾನುವಾರ ಹಾಕ್ತೀನಿ. ನಿಮ್ಮದು ಎಕ್ಸೆಲ್‌ನ ಯಾವ ವರ್ಷನ್, ಮತ್ತೆ ತಾರೀಖು ದಿನ ಮೊದಲು ಬರೋ ಸೆಟ್ಟಿಂಗಾ ತಿಂಗಳು ಮೊದಲಾ ಅಂತ ನೋಡಿ ಹೇಳಿ, ಅದರ ಮೇಲೆ ಕೋಡ್ ಬದಲಾಗುತ್ತೆ.